ಮಗುವನ್ನು ಫ್ರಿಜ್ಜಿನಲ್ಲಿಡು

ನನ್ನ ಆಟವನ್ನು ಮೊಟ್ಟಮೊದಲು ಆಡಿ ನೋಡಿದ ಮಿಸ್ಟರ್ ಡ್ರಿಸ್ಕಲ್ ಮೂರನೇ ನಿಮಿಷಕ್ಕೇ ಮಗುವನ್ನು ಫ್ರಿಜ್ಜಿನಲ್ಲಿಟ್ಟು ಬಾಗಿಲು ಹಾಕಿದರು.

ಅವರು ಕೆಟ್ಟವರಲ್ಲ. ಕೆನಡಾದ ಸಾಸ್ಕಟೂನಿನಲ್ಲಿ ರೈಲ್ವೆ ಸಿಗ್ನಲ್ ಕೆಲಸ ಮಾಡಿ ನಿವೃತ್ತರಾದವರು, ನಾಲ್ಕು ಮೊಮ್ಮಕ್ಕಳ ಅಜ್ಜ. ಅವರ ಮುಖ ನೋಡಿಲ್ಲ, ದನಿ ಕೇಳಿಲ್ಲ. ನನಗೆ ಒಗ್ಗುವ ಪರಿಚಯಗಳೆಲ್ಲ ಇಂಥವೇ. ನಾವು ಮಾಡುವ ಆಟಗಳಲ್ಲಿ ಚಿತ್ರ ಇರುವುದಿಲ್ಲ, ಗುಂಡು ಹಾರುವುದಿಲ್ಲ. ಪರದೆಯ ಮೇಲೆ ಒಂದು ಕೋಣೆಯ ವರ್ಣನೆ ಬರುತ್ತದೆ. ಏನು ಮಾಡಬೇಕೋ ಅದನ್ನು ನೀವು ಟೈಪ್ ಮಾಡುತ್ತೀರಿ. ಆಟ ಮಾತಿನಲ್ಲೇ ಉತ್ತರ ಕೊಡುತ್ತದೆ. ಪ್ರತಿ ಅಕ್ಟೋಬರಿನಲ್ಲಿ ಇಂಥ ಆಟಗಳದ್ದೇ ಒಂದು ಸ್ಪರ್ಧೆ. ಅದಕ್ಕೆ ಕಳಿಸುವ ಮುಂಚೆ ಒಂದಿಬ್ಬರ ಕೈಯಲ್ಲಿ ಆಡಿಸಿ, ಅವರು ಟೈಪ್ ಮಾಡಿದ್ದು, ಆಟ ಹೇಳಿದ್ದು ಎರಡೂ ಸಾಲುಸಾಲಾಗಿ ದಾಖಲಾದ ಫೈಲನ್ನು ತರಿಸಿಕೊಂಡು ಓದುವುದು ನಮ್ಮಲ್ಲಿ ರೂಢಿ. ನಮ್ಮ ಬೆನ್ನ ಹಿಂದೆ ಜನ ಏನೇನು ಮಾಡುತ್ತಾರೆ ಎಂಬುದು ಅದರಲ್ಲಿ ಗೊತ್ತಾಗುತ್ತದೆ.

ಡ್ರಿಸ್ಕಲ್ ಬರೆದಿದ್ದರು: "ಪ್ರಿಯ ಐಲಿ, ಕ್ಷಮೆಯಿರಲಿ. ಮಗು ಫ್ರಿಜ್ಜಿನೊಳಗೆ ಹಿಡಿಸುತ್ತದೆ. ಟಪಾಲು ಡಬ್ಬಿಯೊಳಗೂ ಹಿಡಿಸುತ್ತದೆ. ಸ್ಯಾಂಡ್‌ವಿಚ್ ತೆಗೆದರೆ ಗಂಡನ ಊಟದ ಡಬ್ಬಿಯಲ್ಲೂ ಹಿಡಿಸುತ್ತದೆ. ಬಾಗಿಲು ಹಾಕಿದಾಗ ಫ್ರಿಜ್ಜಿನ ಲೈಟ್ ಆರುವುದು ಮಾತ್ರ ಬಹಳ ಚೆನ್ನಾಗಿದೆ, ದಯವಿಟ್ಟು ಅದನ್ನು ತೆಗೆಯಬೇಡಿ."

ತಪ್ಪು ನನ್ನದೇ. ತಾಯಿ ಎತ್ತಿಕೊಳ್ಳಬೇಕಲ್ಲ ಎಂದು ಮಗುವನ್ನು 'ಎತ್ತಬಹುದಾದ ವಸ್ತು' ಎಂದು ಬರೆದಿದ್ದೆ. ಎತ್ತಬಹುದಾದದ್ದನ್ನು ತೆರೆದಿರುವ ಯಾವುದರೊಳಗಾದರೂ ಇಡಬಹುದು. ಇಟ್ಟಿಗೆಗೂ ಮಗುವಿಗೂ ಆಟ ಭೇದ ಮಾಡುವುದಿಲ್ಲ. ಒಂದು ವಾರ ಕೂತು ಒಂದೊಂದಕ್ಕೂ 'ಬೇಡ' ಬರೆದೆ. ಫ್ರಿಜ್: "ಲೈಟ್ ಆರಿದರೆ ಮಗು ಹೆದರುತ್ತದೆ. ಬೇಡ." ಟಪಾಲು ಡಬ್ಬಿ: "ವಿಳಾಸ ಬರೆದಿಲ್ಲ." ಒಲೆ: "ನಾಚಿಕೆಯಾಗಬೇಕು ನಿಮಗೆ."

ಪತ್ರದ ಕೊನೆಯಲ್ಲಿ ಇನ್ನೊಂದು ಸಾಲಿತ್ತು. "ಈ ಅಡುಗೆಮನೆ ಎಲ್ಲೋ ನಿಜವಾಗಿ ಇರುವಂತಿದೆ. ಅಲ್ಲಿರುವವರಿಗೆ ಗೊತ್ತಿದೆಯೇ?"

ಗೊತ್ತಿರಲಿಲ್ಲ.

ಅಡುಗೆಮನೆ ಇದ್ದದ್ದು ನನ್ನ ತಲೆಯ ಮೇಲೆ. ಪದವಿ ಮುಗಿಸಿದ ಮೇಲೆ ಅಮೆರಿಕದ ಡುಲೂತಿನಲ್ಲಿರುವ ಅಕ್ಕ ಕೈಸಾಳ ಮನೆಯ ನೆಲಮಾಳಿಗೆಗೆ ಬಂದವಳು ನಾನು. 'ಕೆಲಸ ಸಿಗುವವರೆಗೆ' ಎಂದದ್ದು ಕೆಲಸ ಸಿಕ್ಕಿದ ಮೇಲೂ ಮುಂದುವರಿದಿತ್ತು. ನನ್ನ ಕೋಣೆಯ ಪಕ್ಕದಲ್ಲೇ ಸೌನಾ, ಅಂದರೆ ಬೆವರುಸ್ನಾನದ ಮರದ ಕೋಣೆ. ಶನಿವಾರ ಭಾವ ಲೈಲ್ ಅದರ ಒಲೆ ಹೊತ್ತಿಸಿದರೆ ನನ್ನ ಡೈರಿಗಳೂ ಬೆವರುತ್ತವೆ. ಅವು ಒಟ್ಟು ಒಂಬತ್ತು. ಕೊನೆಯ ಎರಡರ ತುಂಬ ಮಾರ್ನಿ, ಅಂದರೆ ಕೈಸಾಳ ಎರಡೂವರೆ ವರ್ಷದ ಮಗಳು. ಅವಳು ಯಾವತ್ತು ಬಟಾಣಿಯನ್ನು ಮೂಗಿಗೆ ಏರಿಸಿಕೊಂಡಳು, ಅದನ್ನು ತೆಗೆಯುವಾಗ ಕೈಸಾ ಏನೆಂದು ಬೈದಳು, ಬೈದು ಉಗ್ರಾಣದೊಳಗೆ ಹೋಗಿ ಬಾಗಿಲು ಹಾಕಿಕೊಂಡು ಓಟ್ಸ್ ಡಬ್ಬದ ಹಿಂದೆ ಬಚ್ಚಿಟ್ಟ ಚಾಕಲೇಟ್ ಚೂರುಗಳನ್ನು ಹೇಗೆ ತಿಂದಳು, ಎಲ್ಲ ಬರೆದಿಟ್ಟಿದ್ದೆ. ಊಟದ ಮೇಜಿನ ಮೂಲೆಯಲ್ಲಿ ಮಾತಾಡದೆ ಕೂರುವವಳನ್ನು ಜನ ಎರಡು ದಿನದಲ್ಲಿ ಮರೆತುಬಿಡುತ್ತಾರೆ. ನನ್ನ ಕಸುಬಿಗೆ ಅದೇ ಬಂಡವಾಳ.

ಅದನ್ನೆಲ್ಲ ಸೇರಿಸಿ, ಜುಲೈ ತಿಂಗಳ ಒಂದು ದಿನವನ್ನು ತಾಯಿಯಾಗಿ ಆಡುವ 'ಮಗು ಎದ್ದಿದೆ' ಎಂಬ ಆಟ ಮಾಡಿದ್ದೆ. ಇಪ್ಪತ್ತನಾಲ್ಕು ವರ್ಷದಲ್ಲಿ ನಾನು ಬರೆದ ಒಂದು ಪುಟವನ್ನೂ ಮನೆಯವರಿಗೆ ತೋರಿಸಿದವಳಲ್ಲ. ಆದರೆ ಇದನ್ನು ಹೊರಗೆ ಬಿಡಬೇಕೆಂಬ ಆಸೆ ಹಲ್ಲುನೋವಿನ ಹಾಗೆ ಹಿಡಿದಿತ್ತು. ಕಳಿಸಲು ಒಂಬತ್ತು ದಿನ ಉಳಿದಿತ್ತು. ಕೈಸಾ ಬೇಡ ಅಂದರೆ ಅಲ್ಲಿಗೆ ಮುಗಿಯಿತು. ಅವಳ ಉಗ್ರಾಣವನ್ನು ಅವಳನ್ನು ಕೇಳದೆ ಲೋಕಕ್ಕೆ ತೆರೆಯುವ ಧೈರ್ಯ ನನಗಿರಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ. ಅದಕ್ಕೆ ಫ್ರಿಜ್ಜಿನ ಮೇಲೆ ಒಂದು ಚೀಟಿ ಅಂಟಿಸಿದೆ: "ಒಂದು ಆಟ ಮಾಡಿದ್ದೇನೆ. ಆಡಿ ನೋಡ್ತೀಯಾ?" ಯಾರ ಬಗ್ಗೆ ಎಂದು ಬರೆಯಲಿಲ್ಲ.

ಶನಿವಾರ ಮಧ್ಯಾಹ್ನ ಲೈಲ್ ಮಾರ್ನಿಯನ್ನು ಕಾಲುವೆಯ ಹತ್ತಿರ ಹಡಗು ತೋರಿಸಲು ಕರೆದುಕೊಂಡು ಹೋದ. ಮೇಲೆ ಕುರ್ಚಿ ಎಳೆದ ಸದ್ದು. ನಾನು ಕೆಳಗೆ ಸೌನಾದ ಹಲಗೆಯ ಮೇಲೆ ಮೊಣಕಾಲು ತಬ್ಬಿಕೊಂಡು ಕೂತೆ. ಸ್ವಲ್ಪ ಹೊತ್ತಿಗೆ ಕೈಸಾ ನಕ್ಕಳು. ಮತ್ತೆ ನಕ್ಕಳು. ಆಮೇಲೆ ನಗು ನಿಂತುಹೋಯಿತು. ಅದರ ನಂತರದ ಮುಕ್ಕಾಲು ಗಂಟೆ ಮೇಲಿನಿಂದ ಕೇಳಿದ್ದು ಕೀಲಿಮಣೆಯ ಸದ್ದು ಮಾತ್ರ. ಟೈಪ್ ಮಾಡುತ್ತಿದ್ದಳೋ ಕುಟ್ಟುತ್ತಿದ್ದಳೋ ಹೇಳಲಾಗದು.

ಫೈಲ್ ಬಂತು. ಜೊತೆಗೆ ಒಂದಕ್ಷರ ಬರೆದಿರಲಿಲ್ಲ.

> ಮಲಗು
ಮಗು ಎದ್ದಿದೆ.
> ಮಲಗು
ಮಗು ಎದ್ದಿದೆ.
> ನಿಂತುಕೊಂಡೇ ಮಲಗು
ಮಗು ಎದ್ದಿದೆ.
> ಮಗುವನ್ನು ಫ್ರಿಜ್ಜಿನಲ್ಲಿಡು
ಲೈಟ್ ಆರಿದರೆ ಮಗು ಹೆದರುತ್ತದೆ. ಬೇಡ.
> ಮಗುವನ್ನು ಗಂಡನಿಗೆ ಕೊಡು
ಗಂಡ ರಸ್ತೆಯ ಹಿಮ ತೆಗೆಯಲು ಹೋಗಿದ್ದಾನೆ.
> ಜುಲೈನಲ್ಲಾ?
ನೀವು ಹೇಳಿದ್ದು ಅರ್ಥವಾಗಲಿಲ್ಲ.
> ಉಗ್ರಾಣಕ್ಕೆ ಹೋಗು
ಕಪಾಟಿನಲ್ಲಿ ಓಟ್ಸ್ ಡಬ್ಬ. ಅದರ ಹಿಂದೆ, ಯಾರಿಗೂ ಗೊತ್ತಿಲ್ಲವೆಂದು ನೀವು ನಂಬಿರುವ ಚಾಕಲೇಟ್ ಪೊಟ್ಟಣ.
> ಲೇ
ನೀವು ಹೇಳಿದ್ದು ಅರ್ಥವಾಗಲಿಲ್ಲ.
> ಐಲಿಯನ್ನು ಕರೆ
ಅಂಥವರು ಇಲ್ಲಿ ಯಾರೂ ಇಲ್ಲ.
> ನೆಲಮಾಳಿಗೆಗೆ ಇಳಿ
ಈ ಮನೆಗೆ ನೆಲಮಾಳಿಗೆ ಇಲ್ಲ.
> ಸುಳ್ಳಿ
ನೀವು ಹೇಳಿದ್ದು ಅರ್ಥವಾಗಲಿಲ್ಲ.

ಓದಿ ಮುಗಿಸುವಷ್ಟರಲ್ಲಿ ತಲೆಯ ಮೇಲೆ ಧಡ್ ಧಡ್ ಧಡ್ ಎಂದು ಮೂರು ಸಲ ಕಾಲಿನ ಸದ್ದು. ನಮ್ಮ ಮನೆಯಲ್ಲಿ ಅದರರ್ಥ 'ಮೇಲೆ ಬಾ'.

ಕೈಸಾ ಚಾಕಲೇಟ್ ಪೊಟ್ಟಣವನ್ನು ಮೇಜಿನ ನಡುವೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟುಕೊಂಡು ಕೂತಿದ್ದಳು. ಲೈಲ್, ಮಾರ್ನಿ ಆಗಷ್ಟೇ ಬಂದಿದ್ದರು.

"ಕೂತ್ಕೊ," ಅಂದಳು ಕೈಸಾ. "ಎಷ್ಟು ದಿನದಿಂದ ಗೊತ್ತು ಇದು?"

"ಕಳೆದ ಮಾರ್ಚಿಂದ."

"ಮಾರ್ಚಿಂದ ನಾನು ಕಳ್ಳಿ ಥರ ಬಾಗಿಲು ಹಾಕ್ಕೊಂಡು ತಿಂತಿದೀನಿ. ಗೊತ್ತಿದ್ದೂ ಒಂದು ದಿನ ನಂಗೂ ಒಂದ್ ಚೂರು ಕೊಡು ಅಂತ ಕೇಳ್ಲಿಲ್ವಲ್ಲೇ!"

"ಸಾರಿ. ಕಳ್ಸಲ್ಲ ಬಿಡು. ಅಳಿಸಿ ಹಾಕ್ತೀನಿ."

"ಯಾರಂದ್ರು ಅಳ್ಸು ಅಂತ? ಬಟಾಣಿ ಕಥೆ ಓದಿ ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕಿದೀನಿ. ನನಗೆ ಕೋಪ ಬಂದಿರೋದು ಬೇರೇದಕ್ಕೆ. ಬೆಕ್ಕನ್ನ ಹಾಕಿದೀಯ. ನಮ್ಮನೇಲಿ ಬೆಕ್ಕೇ ಇಲ್ಲ."

"ಒಂದಿದ್ರೆ ಚೆನ್ನಾಗಿರುತ್ತೆ ಅನ್ನಿಸ್ತು."

"ಇಲ್ದಿರೋ ಬೆಕ್ಕಿಗೆ ಜಾಗ ಇದೆ. ಇರೋ ನಿನಗಿಲ್ಲ. ಒಬ್ಬಳೇ ಒದ್ದಾಡ್ತಿದಾಳೆ ಆ ಹೆಂಗಸು. ನಾನು ಅಷ್ಟೊಂದು ಒಬ್ಬಳೇ ಇರ್ಲಿಲ್ಲ ಕಣೇ. ಕೆಳಗಡೆ ಒಬ್ಬಳು ಇದ್ದಳು, ಬರ್ಕೊಂಡು."

ಲೈಲ್ ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡು ಓದುತ್ತಿದ್ದ. ಅವನು ನಗರಸಭೆಯ ಹಿಮ ತೆಗೆಯುವ ಲಾರಿ ಓಡಿಸುತ್ತಾನೆ. "ಅಲ್ಲ ಐಲಿ, ಬೇಸಿಗೇಲಿ ನಾನು ರಸ್ತೆ ಗುಂಡಿ ಮುಚ್ತೀನಿ, ನಿಂಗೊತ್ತಲ್ಲ. ಆದ್ರೂ ಪರವಾಗಿಲ್ಲ, ಹಿಮಾನೇ ಇರ್ಲಿ. ಜುಲೈನಲ್ಲೂ ಹೋಗ್ತೀನಿ ನಾನು."

"ನೀನು ಹೋಗೇ ಹೋಗ್ತೀಯ," ಅಂದಳು ಕೈಸಾ. ಮತ್ತೆ ನನ್ನ ಕಡೆ ತಿರುಗಿ ಬೆರಳೆತ್ತಿದಳು. "ಕೇಳು. ನನ್ನ ಬೈಗುಳ ಹಾಕು, ಚಾಕಲೇಟ್ ಹಾಕು, ನಾನು ಮೇಲಂಗಿ ತಿರುಗುಮುರುಗು ಹಾಕ್ಕೊಂಡು ಆಫೀಸಿಗೆ ಹೋಗಿದ್ದೂ ಹಾಕು. ಆದ್ರೆ ಮಗೂನ ಚಿಕ್ಕಮ್ಮ ಇರ್ಬೇಕು. ಅವಳು ಇಲ್ದಿದ್ರೆ ಆಟಾನೂ ಹೋಗಲ್ಲ."

"ನಾನೇನ್ ಮಾಡ್ತಿದ್ದೆ ಅಂತ ಹಾಕ್ಲಿ? ಸುಮ್ನೆ ಕೂತಿರ್ತಿದ್ದೆ."

"ಅದು ನಿನ್ನ ತಲೆನೋವು."

ಏಳು ದಿನ ಉಳಿದಿದ್ದಾಗ ಮೊದಲ ಚಿಕ್ಕಮ್ಮನನ್ನು ಬರೆದೆ. ಆಟಕ್ಕೊಂದು ನೆಲಮಾಳಿಗೆ ಕೊಟ್ಟು, ಅವಳನ್ನು ಅದರೊಳಗಿಟ್ಟು, ಬಾಗಿಲಿಗೆ ಬೀಗ ಹಾಕಿದೆ. ಬೀಗದ ಕೈ ಎಲ್ಲೂ ಇಡಲಿಲ್ಲ. ಚಿಕ್ಕಮ್ಮ ಇದ್ದಾಳಲ್ಲ, ಮಾತು ಉಳಿಸಿಕೊಂಡೆ ಅಂದುಕೊಂಡೆ. ಕೈಸಾ ಆಡಿ ಕಳಿಸಿದ ಫೈಲಿನಲ್ಲಿ 'ಬಾಗಿಲು ಒಡೆ' ಎಂದು ಹದಿನಾರು ಸಲ ಇತ್ತು. ಆಮೇಲೆ 'ಕಿಟಕಿಯಿಂದ ನೀರು ಸುರಿ' ಎಂದಿತ್ತು.

ಐದು ದಿನ ಉಳಿದಿದ್ದಾಗ ಎರಡನೆಯವಳನ್ನು ಮೇಲೆ ತಂದು ಅಡುಗೆಮನೆಯ ಮೂಲೆಯಲ್ಲಿ ಕೂರಿಸಿದೆ. ನಮ್ಮ ಆಟಗಳಲ್ಲಿ ನೋಡಬಹುದಾದ ಆದರೆ ಅಲುಗಿಸಲಾಗದ ಗೋಡೆ, ಪರದೆ, ದೂರದ ಬೆಟ್ಟ ಇಂಥವಕ್ಕೆ ಒಂದು ಬೇರೆ ಜಾತಿ ಇದೆ. ಚಿಕ್ಕಮ್ಮನನ್ನು ಆ ಜಾತಿಗೆ ಸೇರಿಸಿದೆ.

ಡ್ರಿಸ್ಕಲ್ ವಿನಯದಿಂದ ಬರೆದರು: "ಚಿಕ್ಕಮ್ಮನನ್ನು ಮುಟ್ಟಲು ಹೋದರೆ 'ಅದು ಗೋಡೆಯ ಭಾಗ' ಎಂದು ಉತ್ತರ ಬರುತ್ತಿದೆ. ಬೇಕೆಂದೇ ಹಾಗೆ ಮಾಡಿದ್ದೀರಾ?"

ಎರಡು ದಿನ ಉಳಿಯಿತು. ಚಿಕ್ಕಮ್ಮನನ್ನು ಗೋಡೆಯಿಂದ ಬಿಡಿಸಿದೆ. ಮಗುವನ್ನು ಕೈಗೆ ಕೊಟ್ಟರೆ ಅವಳು ಏನು ಮಾಡಬೇಕು? ನನ್ನ ಬಗ್ಗೆ ಏನಾದರೂ ಸಿಗಬಹುದೆಂದು ಎರಡೂ ಡೈರಿ ತಿರುವಿ ಹಾಕಿದೆ. ಲೈಲ್ ಗೊರಕೆ ಹೊಡೆದದ್ದಕ್ಕೂ ತಾರೀಖು ಹಾಕಿ ಬರೆದಿದ್ದೆ. ನನ್ನ ಬಗ್ಗೆ ಒಂದು ಸಾಲಿಲ್ಲ. ಬರೆಯುವವಳನ್ನು ಬಿಟ್ಟು ಎಲ್ಲರೂ ಇದ್ದರು.

ಆಗ ಮಾರ್ನಿ ಮೆಟ್ಟಿಲ ಮೇಲೆ ಕುಂಡೆ ಜಾರಿಸಿಕೊಂಡು ಒಂದೊಂದಾಗಿ ಕೆಳಗಿಳಿದು ಬಂದಳು. ಕೇಳಿಯೇಬಿಟ್ಟೆ.

"ಮಾರ್ನಿ, ಐಲಿ ಏನ್ ಮಾಡ್ತಾಳೆ?"

"ಐಯಿ ಬರೀತಾಳೆ," ಅಂದಳು, ತಡಮಾಡದೆ.

"ಆಮೇಲೆ?"

"ಆಮೇಲೆ ಶೂ."

"ಶೂ?"

ನನ್ನನ್ನು ಪಾಪದವಳನ್ನು ನೋಡುವ ಹಾಗೆ ನೋಡಿದಳು. "ಐಯಿ ಶೂ ಹಾಕ್ತಾಳೆ. ಇದು ಅಲ್ಲ, ಇದು ಅಲ್ಲ, ಇದು!"

ನಿಜ. ದಿನಾ ಬೆಳಿಗ್ಗೆ ಕೈಸಾ ತಯಾರಾಗುವಾಗ ಮಾರ್ನಿಗೆ ಶೂ ಹಾಕುವವಳು ನಾನೇ. ಅವಳು ಎಡದ್ದನ್ನು ಬಲಕ್ಕೆ ಹಾಕಿಸಿಕೊಳ್ಳುತ್ತಾಳೆ, ಕಿತ್ತೆಸೆಯುತ್ತಾಳೆ, ಕಾಲುಚೀಲದೊಳಗೆ ಏನೋ ಇದೆ ಅನ್ನುತ್ತಾಳೆ. ಇರುವುದಿಲ್ಲ. ಒಂದೊಂದು ದಿನ ಬಟಾಣಿ ಇರುತ್ತದೆ. ಅದು ಬರೆಯುವಂಥದ್ದೆಂದು ನನಗೆ ಅನ್ನಿಸಿಯೇ ಇರಲಿಲ್ಲ.

ಅವತ್ತೇ ಸಂಜೆ ಅದನ್ನು ಆಟಕ್ಕೆ ಸೇರಿಸಿದೆ. ಕೈಸಾ ಮೇಜಿನ ಮುಂದೆ ನಿಂತುಕೊಂಡೇ ಆಡಿದಳು. ಈ ಸಲ ನಾನು ಕೆಳಗೆ ಓಡಲಿಲ್ಲ. ಫ್ರಿಜ್ಜಿಗೆ ಬೆನ್ನು ಕೊಟ್ಟು ನಿಂತಿದ್ದೆ.

> ಮಗುವನ್ನು ಚಿಕ್ಕಮ್ಮನಿಗೆ ಕೊಡು
ಚಿಕ್ಕಮ್ಮ ಮಗುವಿಗೆ ಶೂ ಹಾಕುತ್ತಿದ್ದಾಳೆ. ಇದಕ್ಕೆ ಏಳು ನಿಮಿಷ ಬೇಕು.
> ಮಲಗು
ನೀವು ಮಲಗುತ್ತೀರಿ.

ಕೈಸಾ ಆ ಸಾಲನ್ನೇ ನೋಡುತ್ತ ನಿಂತಳು. ಮೂಗು ಒರೆಸಿಕೊಂಡಳು. "ಏಳೇ ನಿಮಿಷಾನಾ? ಜಿಪುಣಿ," ಅಂದಳು. "ಕಳ್ಸು ಹೋಗು."

ಕಳಿಸುವ ಗುಂಡಿಯನ್ನು ನಾನು ಒತ್ತಿದೆ. ಸಣ್ಣದೊಂದು ಟಿಕ್ ಸದ್ದು, ಅಷ್ಟೇ. ಆಮೇಲೆ ಹೋಗಿ, ರಾತ್ರಿಯೂಟಕ್ಕೆ ಬೇಯಿಸಿಟ್ಟಿದ್ದ ಮಾಂಸ ಆಲೂಗಡ್ಡೆಯ ಹಾಟ್‌ಡಿಶ್ ತಿಂದೆ. ಎರಡು ಸಲ ಬಡಿಸಿಕೊಂಡೆ.

ಅಕ್ಟೋಬರಿನಲ್ಲಿ ಲೋಕ ನನ್ನ ಆಟ ಆಡಿತು. ಅರವತ್ತೆರಡು ಆಟಗಳಲ್ಲಿ ನನ್ನದಕ್ಕೆ ಹತ್ತೊಂಬತ್ತನೇ ಸ್ಥಾನ. ಅದಕ್ಕಿಂತ ರುಚಿಯಾಗಿದ್ದದ್ದು ಅಪರಿಚಿತರು ಆಡಿದ ಫೈಲುಗಳು. ಒಬ್ಬರೂ ಒಳ್ಳೆಯ ಬುದ್ಧಿ ತೋರಿಸಲಿಲ್ಲ. ಚಿಕ್ಕಮ್ಮ ಸಿಕ್ಕಿದ ಕೂಡಲೇ ಎಲ್ಲವನ್ನೂ ಅವಳಿಗೆ ಕೊಟ್ಟರು. ಮಗು ಕೊಟ್ಟರು, ಒದ್ದೆ ಡಯಾಪರ್ ಕೊಟ್ಟರು, ಬೆಕ್ಕು ಕೊಟ್ಟರು. ಯಾರೋ ಒಬ್ಬರು ಗಂಡ ಮನೆಗೆ ಬರುವವರೆಗೆ ಕಾದಿದ್ದು ಅವನನ್ನೂ ಕೊಟ್ಟರು.

ಮತ್ತೊಬ್ಬರು ಚಿಕ್ಕಮ್ಮನನ್ನು ಎತ್ತಿ ಫ್ರಿಜ್ಜಿನಲ್ಲಿಟ್ಟರು.

ಗೋಡೆಯಿಂದ ಬಿಡಿಸುವ ಆತುರದಲ್ಲಿ ಅವಳನ್ನು 'ಎತ್ತಬಹುದಾದ ವಸ್ತು' ಮಾಡಿಬಿಟ್ಟಿದ್ದೆ. ಮಗುವಿಗೆ ಬರೆದ 'ಬೇಡ'ಗಳಲ್ಲಿ ಒಂದನ್ನೂ ಅವಳಿಗೆ ಬರೆದಿರಲಿಲ್ಲ. ಬಾಗಿಲು ಮುಚ್ಚಿತು, ಲೈಟ್ ಆರಿತು, ಚಿಕ್ಕಮ್ಮ ಒಂದು ಮಾತೂ ಆಡದೆ ಒಳಗೇ ಕೂತಳು. ಆಡಿದವರು ವಿಮರ್ಶೆಯಲ್ಲಿ ಬರೆದರು: "ಇಡೀ ಆಟದಲ್ಲಿ ನನಗೆ ಅತ್ಯಂತ ನಿಜ ಅನ್ನಿಸಿದ ಪಾತ್ರ ಇವಳದು."

ಕೈಸಾ ಅದನ್ನು ಊಟದ ಮೇಜಿನಲ್ಲಿ ದೊಡ್ಡದಾಗಿ, ಎರಡು ಸಲ ಓದಿದಳು. ಲೈಲ್ ಕೆಮ್ಮುವವರೆಗೂ ನಕ್ಕ. ಮಾರ್ನಿ ಯಾಕೆಂದು ಗೊತ್ತಿಲ್ಲದಿದ್ದರೂ ಎಲ್ಲರಿಗಿಂತ ಜೋರಾಗಿ ನಕ್ಕಳು. ನಾನು ಕೆಳಗೆ ಹೋಗಿ ಅಷ್ಟನ್ನೂ ಬರೆದೆ; ನನ್ನ ಕಿವಿ ಬಿಸಿಯಾದದ್ದನ್ನೂ ಬರೆದೆ.

ಮಾರನೆಯ ಬೆಳಿಗ್ಗೆ ಧಡ್ ಧಡ್ ಧಡ್. ಮೇಲೆ ಹೋದೆ. ಕೈಸಾ ಮಾರ್ನಿಯನ್ನು ಎತ್ತಿ ನನ್ನ ಕೈಗಿಟ್ಟಳು, ಮೇಲಿಂದ ಎರಡು ಶೂ ಇಟ್ಟಳು, ಹೋಗಿ ಸೋಫಾದ ಮೇಲೆ ಆಫೀಸಿನ ಬಟ್ಟೆಯಲ್ಲೇ ಮಲಗಿ ಕಣ್ಣು ಮುಚ್ಚಿದಳು.

ಮಾರ್ನಿ ನನ್ನ ತೋಳಿನಿಂದ ಜಾರಿ ಬರಿಗಾಲಲ್ಲಿ ಓಡಿದಳು. ಎರಡೂ ಕೈಯಿಂದ ಫ್ರಿಜ್ಜಿನ ಬಾಗಿಲು ಎಳೆದು ತೆರೆದು, ಹಾಲಿನ ಡಬ್ಬವನ್ನು ಒಂದು ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು.

"ಐಯಿ, ಒಳಗೆ."

"ಮೊದ್ಲು ಶೂ," ಅಂದೆ.