ಹತ್ತೊಂಬತ್ತನೆಯ ಬುಡ

“ಇದರ ಬುಡ ಎಲ್ಲಿ, ಅತ್ತಿಗೆ?”

ದರ್ಜಿಯಕ್ಕ ಒಂದು ಅಣಬೆಯನ್ನು ತಲೆಕೆಳಗು ಮಾಡಿ ಕಿಟಕಿಯ ಬೆಳಕಿಗೆ ಹಿಡಿದಿದ್ದಳು. ಬಿಳಿ ಕೊಡೆ, ಅದರಡಿ ಒತ್ತೊತ್ತಾದ ಗರಿಗಳು, ಬೆರಳುದ್ದದ ಕಾಲು. ಕಾಲಿನ ತುದಿಯನ್ನು ಚಾಕುವಿನಿಂದ ಓರೆಯಾಗಿ ಕೊಯ್ದು, ತೊಳೆದು, ಬಟ್ಟೆಯಲ್ಲಿ ಒರೆಸಲಾಗಿತ್ತು. ಬುಟ್ಟಿಯಲ್ಲಿ ಅಂಥವೇ ಇನ್ನೂ ಹದಿನೆಂಟು.

“ನೆಲದಲ್ಲಿದೆ. ಯಾಕೆ, ಮಣ್ಣು ತಿನ್ನೋ ಆಸೆಯಾಯ್ತಾ?” ಅತ್ತಿಗೆ ಒಲೆಯ ಮೇಲೆ ಬಾಣಲೆ ಇಟ್ಟರು.

“ಬುಡ ನೋಡದೆ ಹೆಸರು ಹೇಳಬಾರದು ಅಂತಾರೆ ಮೇಷ್ಟ್ರು.”

“ಹೆಸರು ಯಾರಿಗೆ ಬೇಕು? ಮೂವತ್ತು ವರ್ಷದಿಂದ ಈ ಕೈಯಲ್ಲಿ ತಿಂತಿದ್ದೀರಿ. ಯಾರಾದ್ರೂ ಸತ್ತಿದ್ದೀರಾ?”

“ಸತ್ತವರು ಉತ್ತರ ಹೇಳೋಕೆ ಬರಲ್ಲ ಕಣೇ,” ಅಂದ ಅಣ್ಣ, ಪತ್ರಿಕೆಯ ಹಿಂದಿನಿಂದ. “ಬೇಗ ತೀರ್ಮಾನ ಮಾಡಿ. ಹೊಟ್ಟೆ ತಾಳ ಹಾಕ್ತಿದೆ.”

ಶಾಲೆಯ ಪ್ರಯೋಗಾಲಯದಲ್ಲಿ ನಿವೃತ್ತ ಮೇಷ್ಟ್ರೊಬ್ಬರು ನಡೆಸುವ ಅಣಬೆ ತರಗತಿಗೆ ದರ್ಜಿಯಕ್ಕ ಏಳು ಭಾನುವಾರ ಹೋಗಿದ್ದಳು. ಕಣ್ಣು ಮುಚ್ಚಿ ಮುಟ್ಟಿದರೂ ಹತ್ತಿ ಯಾವುದು, ಬೆರಕೆ ಯಾವುದು ಎಂದು ಹೇಳಬಲ್ಲವಳಿಗೆ ಎರಡು ಬಿಳಿ ಅಣಬೆಗಳ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಅವಳ ನೋಟ್‌ಬುಕ್ಕಿನ ಹೆಸರಿನ ಕಾಲಮ್ಮಿನಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದೇ ಪದ: ಗೊತ್ತಿಲ್ಲ. ಮೇಷ್ಟ್ರು ಅದಕ್ಕೂ ಸರಿ ಗುರುತು ಹಾಕಿದ್ದರು.

ಒಂದು ಮಾತ್ರ ತಲೆಯಲ್ಲಿ ನಿಂತಿತ್ತು. ಗೆದ್ದಲು ಗೂಡಿನ ಮೇಲೆ ಏಳುವ ತಿನ್ನುವ ಅಣಬೆಯ ಕಾಲು ನೆಲದೊಳಗೆ ಬೇರಿನಂತೆ ಸಣ್ಣದಾಗುತ್ತ ಆಳಕ್ಕೆ ಹೋಗುತ್ತದೆ. ಅದೇ ಬಣ್ಣದ, ಜೀವ ತೆಗೆಯುವ ಅಣಬೆ ನೆಲದಡಿ ಒಂದು ಪುಟ್ಟ ಚೀಲದಲ್ಲಿ ನಿಂತಿರುತ್ತದೆ. ನೆಲದ ಮಟ್ಟಕ್ಕೆ ಕೊಯ್ದರೆ ಸಾಕ್ಷಿ ಮಣ್ಣಿನಲ್ಲೇ ಉಳಿಯುತ್ತದೆ. ಅತ್ತಿಗೆಯ ಬುಟ್ಟಿಯಲ್ಲಿ ಹೆಚ್ಚಿನವುಗಳ ನೆತ್ತಿಯ ಮೇಲೆ ತಿನ್ನುವ ಜಾತಿಯ ಗುರುತಾದ ಚೂಪು ಮೊನೆಯಿತ್ತು. ಕೆಲವಲ್ಲಿ ಒರೆಸುವಾಗ ಮುರಿದಿತ್ತೋ, ಮೊದಲೇ ಇರಲಿಲ್ಲವೋ, ಹೇಳುವಂತಿರಲಿಲ್ಲ.

“ಬೆಳ್ಳುಳ್ಳಿ ಹಾಕಿ ಬೇಯಿಸ್ತೀನಿ. ವಿಷ ಇದ್ರೆ ಬೆಳ್ಳುಳ್ಳಿ ಕಪ್ಪಾಗುತ್ತೆ.”

“ಆಗಲ್ಲ ಅತ್ತಿಗೆ. ತಿಂದ ಮೇಲೂ ಅರ್ಧ ದಿನ ಏನೂ ಗೊತ್ತಾಗಲ್ವಂತೆ. ರುಚಿನೂ ಚೆನ್ನಾಗೇ ಇರುತ್ತಂತೆ.”

ಅತ್ತಿಗೆಯ ಕೈಯಲ್ಲಿದ್ದ ಎಣ್ಣೆಯ ಬಾಟಲಿ ಬಾಣಲೆಯ ಮೇಲೆ ನಿಂತಿತು. “ಅಂದ್ರೆ ಇವತ್ತಿಂದ ನನ್ನ ಕೈ ಮೇಲೆ ನಂಬಿಕೆ ಇಲ್ಲ ಅಂತಾಯ್ತು.”

“ನಂಬಿಕೆ ಇದೆ ಅಂತಲೇ ಕೇಳ್ತಿದ್ದೀನಿ. ಬುಡ ಇನ್ನೂ ಅಲ್ಲೇ ಇರುತ್ತಲ್ಲ? ನಡೀರಿ, ಹೋಗಿ ಜೋಡಿಸಿ ನೋಡೋಣ. ಎಲ್ಲಾ ಸರಿ ಇದ್ರೆ ಮೊದಲ ತಟ್ಟೆ ನನಗೇ ಹಾಕಿ.”

“ಊಟಕ್ಕೆ ಮೊದಲೇ ಪಂಚನಾಮೆ!” ಅಣ್ಣ ಪತ್ರಿಕೆ ಮಡಚಿದ. ಅತ್ತಿಗೆ ಒಲೆ ಆರಿಸಿ, ಬುಟ್ಟಿ ಎತ್ತಿಕೊಂಡು ಚಪ್ಪಲಿ ಮೆಟ್ಟಿದರು.

ನೀರಿನ ಟ್ಯಾಂಕಿನ ಹಿಂದಿನ ದಿಬ್ಬದಲ್ಲಿ, ಗೆದ್ದಲು ಗೂಡಿನ ಸುತ್ತ, ಕೊಯ್ದ ಬುಡಗಳು ಹುಲ್ಲಿನ ನಡುವೆ ಬಿಳಿ ಅಂಗಿಗುಂಡಿಗಳಂತೆ ಕಾಣುತ್ತಿದ್ದವು. ದರ್ಜಿಯಕ್ಕ ಮಂಡಿಯೂರಿದಳು. ಅತ್ತಿಗೆಯ ಚಾಕುವಿನ ಬಾಯಲ್ಲಿ ಒಂದು ಮುಕ್ಕಿತ್ತು. ಅದು ಪ್ರತಿ ಕೊಯ್ತದ ಮೇಲೂ ನೂಲೆಳೆಯಷ್ಟು ಗೆರೆ ಬಿಟ್ಟಿತ್ತು. ಓರೆಗೆ ಓರೆ, ಗೆರೆಗೆ ಗೆರೆ ಕೂಡಿಸುತ್ತ, ರವಿಕೆಯ ತೋಳಿಗೆ ಭುಜ ಹೊಂದಿಸುವ ಹಾಗೆ ಅವಳು ಒಂದೊಂದನ್ನೇ ಅದರ ಬುಡದ ಮೇಲೆ ನಿಲ್ಲಿಸಿದಳು.

ಮೊದಲು ದೂರ ನಿಂತಿದ್ದ ಅತ್ತಿಗೆ ಐದನೆಯದರ ಹೊತ್ತಿಗೆ ಕುಕ್ಕರಗಾಲಲ್ಲಿ ಕೂತಿದ್ದರು. ಎಂಟನೆಯದಕ್ಕೆ, “ಅದಲ್ಲ ಕಣೇ, ಈ ದಪ್ಪದ್ದು ಅಲ್ಲಿಗೆ,” ಎಂದು ತಾವೇ ಕಿತ್ತು ಬೇರೆಡೆ ಇಟ್ಟರು. ಸರಿಯಾಗಿಯೇ ಕೂತಿತು.

ಹದಿನೆಂಟು ನಿಂತವು. ಬುಟ್ಟಿಯಲ್ಲಿ ಒಂದು ಉಳಿಯಿತು. ಗೂಡಿನ ಸುತ್ತ ಇನ್ನು ಬುಡ ಇರಲಿಲ್ಲ.

ಅತ್ತಿಗೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. “ಇದು... ಇದು ಆ ಮರದ ಕೆಳಗಿತ್ತು. ಒಂದೇ ಇತ್ತು. ದಾರಿಯಲ್ಲಿ ಸಿಕ್ತಲ್ಲ ಅಂತ ಕೊಯ್ದೆ. ಕಾಲಿಗೆ ಲಂಗದ ಹಾಗೆ ಏನೋ ತೆಳ್ಳಗೆ ಸುತ್ತಿಕೊಂಡಿತ್ತು. ಒರೆಸಿ ಹಾಕಿದೆ.”

ಮರದ ಕೆಳಗೆ, ತರಗೆಲೆಯ ನಡುವೆ ಬುಡ ಸಿಕ್ಕಿತು. ಗೆರೆಗೆ ಗೆರೆ ಕೂಡಿತು. ದರ್ಜಿಯಕ್ಕ ಕೈ ಹಾಕುವ ಮೊದಲೇ ಅತ್ತಿಗೆ ಸುತ್ತಲಿನ ಮಣ್ಣನ್ನು ಬೆರಳಿಂದ ಬಿಡಿಸಿ ಎತ್ತಿದರು. ಕೆಳಗೆ, ಒಡೆದ ಮೊಟ್ಟೆಯ ಚಿಪ್ಪಿನಂತೆ ಬಾಯ್ದೆರೆದ ಬಿಳಿ ಚೀಲ.

ಅತ್ತಿಗೆ ಅದನ್ನು ತರಗೆಲೆಯ ಮೇಲಿಟ್ಟು ತಮ್ಮ ಬೆರಳುಗಳನ್ನು ನೋಡಿಕೊಂಡರು.

“ಮುಟ್ಟಿದೆನಲ್ಲೇ.”

“ಮುಟ್ಟಿದ್ರೆ ಏನಾಗಲ್ಲ. ಕೈ ತೊಳೆದ್ರೆ ಸಾಕು.”

ದರ್ಜಿಯಕ್ಕ ಕಾಲರಿಗೆ ಚುಚ್ಚಿಕೊಂಡಿದ್ದ ಗುಂಡುಸೂಜಿ ತೆಗೆದು ಕಾಲು, ಬುಡ ಎರಡನ್ನೂ ಸೇರಿಸಿದಳು. ಅಣಬೆ ಪೂರ್ತಿಯಾಯಿತು. ನೋಟ್‌ಬುಕ್ಕು ತೆಗೆದು, ಈ ಬಾರಿ ಕಾಲಮ್ಮಿನಲ್ಲಿ ಬೇರೆ ಪದ ಬರೆದಳು: ವಿಷದಣಬೆ. ಅತ್ತಿಗೆ ಅವಳ ಭುಜದ ಮೇಲಿಂದ ಅದನ್ನು ಅಕ್ಷರ ಅಕ್ಷರವಾಗಿ ಓದಿದರು.

“ಮಿಕ್ಕ ಹದಿನೆಂಟು?”

“ಒಂದೇ ಬುಟ್ಟಿಯಲ್ಲಿ ಉಜ್ಜಾಡಿವೆ. ಇದರ ಚೂರು ಎಲ್ಲಿ ಅಂಟಿದೆಯೋ.”

ಅತ್ತಿಗೆ ಗೂಡಿನ ಬಳಿಗೆ ಹೋಗಿ, ನಿಂತಿದ್ದ ಹದಿನೆಂಟನ್ನೂ ಒಂದೊಂದಾಗಿ ಎತ್ತಿ ಪಕ್ಕದ ಕಸದ ಗುಂಡಿಗೆ ಹಾಕಿದರು. ಕೊನೆಯದನ್ನು ಎತ್ತಿದ ಮೇಲೆ ಎದ್ದೇಳಲಿಲ್ಲ. ಮುಡಿಯ ಪಿನ್ನು ಕಿತ್ತು ಅದರ ಬುಡದ ಸುತ್ತ ಕೆದಕತೊಡಗಿದರು.

“ಇದರ ಕಾಲು ಎಲ್ಲಿವರೆಗೆ ಹೋಗುತ್ತೆ?”

“ಗೂಡಿನೊಳಗಿನ ತನಕ.”

“ಇಷ್ಟು ವರ್ಷ ನೋಡೇ ಇಲ್ಲವಲ್ಲೇ.”

ದರ್ಜಿಯಕ್ಕನ ಫೋನು ಬಡಿದುಕೊಂಡಿತು. ಅಣ್ಣ.

“ಮೊಟ್ಟೆ ಬೇಯಿಸ್ಕೊಳ್ಳಿ ಅನ್ನು,” ಅಂದರು ಅತ್ತಿಗೆ, ತಲೆಯೆತ್ತದೆ. ಅವರ ಕೈ ಮಣಿಕಟ್ಟಿನವರೆಗೆ ಮಣ್ಣಿನೊಳಗಿತ್ತು. ಬೆರಳ ಸಂದಿಯಲ್ಲಿ ಬಿಳಿ ಬೇರು ದಾರದಷ್ಟು ಸಣ್ಣದಾಗಿ, ಮುರಿಯದೆ, ಇನ್ನೂ ಕೆಳಕ್ಕೆ ಇಳಿಯುತ್ತಿತ್ತು.