ಎಡಗೈಯವನ ಹನ್ನೊಂದು ಚೆಂಡುಗಳು

ಗ್ರೇಡಿ ಹೆಂಡ್ರಿಕ್ಸ್‌ನ ಎರಡು ಕೈಗಳನ್ನು ನನ್ನಷ್ಟು ಬಲ್ಲವರು ಇಡೀ ಅಯೋವಾದಲ್ಲಿ ಇನ್ನೊಬ್ಬರಿಲ್ಲ. ನಾನು ನಮ್ಮ ಕಾಲೇಜು ಫುಟ್‌ಬಾಲ್ ತಂಡದ ಸೆಂಟರ್. ಎದುರಿಗೆ ಗುರುಗುಟ್ಟುವ ಮುನ್ನೂರು ಪೌಂಡಿನ ಆಸಾಮಿಯನ್ನು ನೋಡುತ್ತಾ, ಬಗ್ಗಿ ನಿಂತು, ಹಿಂದಿರುವ ಕ್ವಾರ್ಟರ್‌ಬ್ಯಾಕ್ ಕೂಗಿದ ಕೂಡಲೇ ಕಾಲುಗಳ ನಡುವಿನಿಂದ ಮೊಟ್ಟೆಯಾಕಾರದ ಚೆಂಡನ್ನು ಅವನ ಕೈಗೆ ಕೊಡುವುದು ನನ್ನ ಕೆಲಸ. ಆಮೇಲೆ ಚೆಂಡು ಎಸೆಯುವುದು, ಊರಿನ ಪತ್ರಿಕೆಯಲ್ಲಿ ಫೋಟೊ ಬರುವುದು, ಹುಡುಗಿಯರು ಹೆಸರು ಹಿಡಿದು ಕೂಗುವುದು ಎಲ್ಲ ಅವನ ಪಾಲು. ಕೆಸರು ನನ್ನ ಪಾಲು. ಅದರ ಬಗ್ಗೆ ನನಗೇನೂ ತಕರಾರಿಲ್ಲ, ಊಟದ ಸಾಲು ಇಬ್ಬರಿಗೂ ಒಂದೇ ತಾನೇ. ನನ್ನ ಹೆಸರು ಆರ್ಲನ್ ಬ್ರೆಕ್ಕೆ. ನನ್ನ ಗಾತ್ರ ನೋಡಿ ಹುಡುಗರು ಕರೆಯುವುದು ಮಾತ್ರ ‘ಕಣಜ’ ಅಂತ.

ಗ್ರೇಡಿ ಮತ್ತು ನಾನು ಮೂರು ವರ್ಷ ಎರಡನೇ ತಂಡದಲ್ಲೇ ಕೊಳೆತವರು. ದಿನವೂ ಅಭ್ಯಾಸ, ಶನಿವಾರ ಬೆಂಚು. ಅವನ ಅಜ್ಜಿ ಒಂದು ಪಂದ್ಯವನ್ನೂ ತಪ್ಪಿಸದೆ ಬಂದು, ಬೆಂಚಿನ ಮೇಲೆ ಕೂತ ಮೊಮ್ಮಗನ ಫೋಟೊ ತೆಗೆದುಕೊಂಡು ಹೋಗುತ್ತಿದ್ದರು. ಈ ವರ್ಷ ದೊಡ್ಡವರೆಲ್ಲ ಪದವಿ ಮುಗಿಸಿ ಹೋಗಿದ್ದರು. ನನಗೆ ಸೆಂಟರ್ ಜಾಗ ಸಿಕ್ಕಿತು. ಕ್ವಾರ್ಟರ್‌ಬ್ಯಾಕ್ ಜಾಗ ಗ್ರೇಡಿಯದೇ ಎಂದು ಅವನೂ ಅಂದುಕೊಂಡಿದ್ದ, ಅಜ್ಜಿಯೂ ಅಂದುಕೊಂಡಿದ್ದರು.

ಆಗಸ್ಟ್‌ನಲ್ಲಿ ಶಿಬಿರ ಶುರುವಾದ ಮೊದಲ ದಿನವೇ ಲೂಸಿಯಾನಾದಿಂದ ಟೆವಿನ್ ಗಿಡ್ರಿ ಎಂಬ ಹೊಸ ಹುಡುಗ ಬಂದಿಳಿದ. ಸಣಕಲ. ಎಡಚ. ಕಂಡಕಂಡವರಿಗೆಲ್ಲ ಸರ್ ಅನ್ನುತ್ತಿದ್ದ, ಬೂಟು ತೊಳೆಯುತ್ತಾ ಕೂತಿದ್ದ ನನಗೂ ಅಂದ. ಅವನು ಎಸೆದ ಮೊದಲ ಚೆಂಡು ಅರವತ್ತು ಗಜ ಹಾರಿ ಅದನ್ನು ಹಿಡಿಯಲು ಓಡುತ್ತಿದ್ದವನ ಎದೆಗೆ ಹೋಗಿ ಕೂತಿತು.

“ಪರವಾಗಿಲ್ಲ” ಅಂದ ಗ್ರೇಡಿ ನನ್ನ ಕಿವಿಯಲ್ಲಿ. ಅವನ ಮುಖ ಮಾತ್ರ ಬಿಳುಚಿಕೊಂಡಿತ್ತು.

ಆದರೆ ಟೆವಿನ್‌ಗೆ ಒಂದು ರೋಗವಿತ್ತು. ನಾನು ಕೊಟ್ಟ ಚೆಂಡು ಅವನ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಬೇರೆ ಕಾಲೇಜುಗಳಲ್ಲಿ ಕ್ವಾರ್ಟರ್‌ಬ್ಯಾಕ್ ಐದು ಗಜ ಹಿಂದೆ ನಿಂತು ಚೆಂಡು ಹಿಡಿಯುತ್ತಾನೆ. ನಮ್ಮ ಕೋಚ್ ಕ್ಲಾಸೆನ್ ಹಳೇ ಕಾಲದವರು. ಸೆಂಟರ್‌ನ ಬೆನ್ನಿಗಂಟಿ ನಿಂತು, ಕೈ ಕೆಳಗಿಟ್ಟು ಹಿಡಿಯಬೇಕು ಅನ್ನುವವರು. ಚೆಂಡು ಬಿದ್ದಾಗಲೆಲ್ಲ ತಮ್ಮ ಹಲಗೆಯ ಮೇಲಿನ ಹಾಳೆಯಲ್ಲಿ ಕೆಂಪು ಪೆನ್ಸಿಲಿನಿಂದ ಒಂದು ಗೀಟು ಎಳೆಯುತ್ತಿದ್ದರು. ಹತ್ತು ದಿನಕ್ಕೆ ಗ್ರೇಡಿಯ ಹೆಸರಿನ ಮುಂದೆ ಒಂದೂ ಇರಲಿಲ್ಲ. ಟೆವಿನ್ ಹೆಸರಿನ ಮುಂದೆ ಹನ್ನೊಂದು.

“ಎಣ್ಣೆ ಹಚ್ಕೊಂಡ್ ಬರ್ತೀಯೇನಪ್ಪಾ ಕೈಗೆ?” ಅಂತ ಹುಡುಗರು ಛೇಡಿಸುತ್ತಿದ್ದರು. ನಾನೂ ಛೇಡಿಸಿದೆ. “ಸಾರಿ ಸರ್” ಅನ್ನುತ್ತಾ ಅವನು ತನ್ನ ಅಂಗೈಯನ್ನು ತಾನೇ ನೋಡಿಕೊಳ್ಳುತ್ತಿದ್ದ.

ಶಿಬಿರದ ಎರಡನೇ ಬುಧವಾರ ನಮ್ಮಲ್ಲಿ ತಮಾಷೆಯ ದಿನ. ದಪ್ಪಗಿನವರು ಸಣ್ಣವರ ಜಾಗದಲ್ಲಿ, ಸಣ್ಣವರು ದಪ್ಪಗಿನವರ ಜಾಗದಲ್ಲಿ ಆಡಬೇಕು. ನಾನು ಕ್ವಾರ್ಟರ್‌ಬ್ಯಾಕ್ ಆಗಿ ಕೆಂಪು ಅಂಗಿ ತೊಟ್ಟೆ. ಹೊಕ್ಕುಳಿನಿಂದ ಕೆಳಗೆ ಬರಲೇ ಇಲ್ಲ ಅದು. ಟೆವಿನ್ ನನ್ನ ಜಾಗದಲ್ಲಿ ಬಗ್ಗಿ ನಿಂತ. ನಾನು ಗಂಟಲು ಹರಿಯುವಂತೆ ಕೂಗಿದೆ. ಚೆಂಡಿನ ಚೂಪು ತುದಿ ಬಂದು ನನ್ನ ಹೆಬ್ಬೆರಳಿಗೆ ಬಡಿದು ನೆಲಕ್ಕೆ ಬಿತ್ತು. ಇನ್ನೊಮ್ಮೆ. ಮತ್ತೆ ಬಿತ್ತು. ಹುಡುಗರು ಹೊಟ್ಟೆ ಹಿಡಿದು ನಗುತ್ತಾ ಹುಲ್ಲಿನ ಮೇಲೆ ಉರುಳಾಡಿದರು.

“ಸಾರಿ ಸರ್, ನಾನು ಎಡಗೈಲಿ ಕೊಡ್ತೀನಲ್ವಾ” ಅಂದ ಟೆವಿನ್. “ನಿಮಗೆ ಎಲ್ಲಾ ಉಲ್ಟಾ ಬರತ್ತೆ.”

ನಗುತ್ತಿದ್ದ ನನ್ನ ಬಾಯಿ ಮುಚ್ಚಿಹೋಯಿತು. ಬಲಗೈಯವನು ಬಲಗೈಯನ್ನು ಮೇಲಿಟ್ಟು ಹಿಡಿಯುತ್ತಾನೆ. ನಾನು ಚೆಂಡನ್ನು ಕಾಲು ಸುತ್ತು ತಿರುಗಿಸಿ ಕೊಟ್ಟರೆ ಅದರ ಹೊಲಿಗೆ ಸರಿಯಾಗಿ ಅವನ ಬೆರಳಡಿ ಬಂದು ಕೂರುತ್ತದೆ. ಎಡಚ ಎಡಗೈಯನ್ನು ಮೇಲಿಡುತ್ತಾನೆ. ಅವನಿಗೆ ಚೆಂಡು ಇದರ ವಿರುದ್ಧ ದಿಕ್ಕಿಗೆ ತಿರುಗಬೇಕು. ನಾನು ಮೂರು ವರ್ಷದ ಅಭ್ಯಾಸದಲ್ಲಿ ಬಲಗೈಯವನಿಗೆ ಬೇಕಾದ ಕಡೆಗೇ ತಿರುಗಿಸುತ್ತಿದ್ದೆ. ಮೂವತ್ತೊಂದು ವರ್ಷದಲ್ಲಿ ಒಬ್ಬ ಎಡಚನನ್ನೂ ಕಾಣದ ಕೋಚ್‌ಗೂ ಅದು ಹೊಳೆದಿರಲಿಲ್ಲ. ಹನ್ನೊಂದಕ್ಕೆ ಹನ್ನೊಂದೂ ನಾನು ಬೀಳಿಸಿದ ಚೆಂಡುಗಳು.

ಆಗಲೇ ಹೋಗಿ ಕೋಚ್‌ಗೆ ಹೇಳಬೇಕಿತ್ತು. ಹೇಳಲಿಲ್ಲ. ಆ ಗೀಟುಗಳು ಅಳಿಸಿಹೋದರೆ ಗ್ರೇಡಿಯ ಗತಿಯೇನು ಎಂದು ಯೋಚಿಸಿದೆ. ಅವನ ಅಜ್ಜಿಯ ಕ್ಯಾಮೆರಾ ಕಣ್ಣಮುಂದೆ ಬಂತು. ಕೊನೆಗೆ ನನ್ನಂಥ ಪುಕ್ಕಲರು ಹುಡುಕುವ ಮಧ್ಯದ ದಾರಿಯನ್ನೇ ಹಿಡಿದೆ. ಊಟವಾದ ಮೇಲೆ ಟೆವಿನ್‌ನನ್ನು ಸಾಮಾನಿನ ಕೊಠಡಿಯ ಹಿಂದಕ್ಕೆ ಕರೆದೆ.

“ಏನೋ ಹೊಸ ಹಿಡಿತ ಹೊಳೀತು, ಬಾ, ನೋಡೋಣ” ಅಂದೆ.

ಕೊಟ್ಟ ಮೊದಲ ಚೆಂಡೇ ಅಂಟಿಕೊಂಡಂತೆ ಅವನ ಕೈಯಲ್ಲಿ ನಿಂತಿತು. ಮೂರು ಮಧ್ಯಾಹ್ನ ಸೇರಿ ಐನೂರು ಸಲ ಕೊಟ್ಟಿರಬೇಕು. ಒಂದೂ ಬೀಳಲಿಲ್ಲ. ಹುಡುಗನಿಗೆ ಸ್ವರ್ಗ ಮೂರೇ ಗೇಣು. ಓಡಿಹೋಗಿ, ತನ್ನ ಅಮ್ಮ ಕಳಿಸಿದ್ದ ಪೀಕನ್ ಬೀಜದ ಮಿಠಾಯಿಯ ಡಬ್ಬಿ ತಂದು ನನ್ನ ಮುಂದೆ ಹಿಡಿದ.

“ನೀವಿಲ್ದಿದ್ರೆ ನಾನು ಬಸ್ ಹತ್ತಿ ಮನೆಗೆ ಹೋಗ್ಬಿಡ್ತಿದ್ದೆ ಸರ್.”

ಅವನ ಚೆಂಡು ಬೀಳಿಸಿದ ಕೈಯಿಂದಲೇ ಅವನ ಮಿಠಾಯಿ ತಿಂದೆ. ಒಂದಲ್ಲ, ನಾಲ್ಕು. ನಾಚಿಕೆ ನನಗೆ ತುಂಬ ಆಗಿತ್ತು, ಆದರೆ ಮಿಠಾಯಿಯೂ ತುಂಬ ಚೆನ್ನಾಗಿತ್ತು.

ಶನಿವಾರ ಬೆಳಿಗ್ಗೆ ನಮ್ಮನಮ್ಮಲ್ಲೇ ಕೊನೆಯ ಪಂದ್ಯ. ಅದಾದ ಮೇಲೆ ಯಾರು ಆಡುವವರು ಎಂದು ಕೋಚ್ ಚೀಟಿ ಅಂಟಿಸುತ್ತಾರೆ. ಅರ್ಧ ಊರು ಮಡಚುವ ಕುರ್ಚಿ ಹೊತ್ತು ಬಂದಿತ್ತು. ಗ್ರೇಡಿಯ ಅಜ್ಜಿ ಮುಂದಿನ ಸಾಲಿನಲ್ಲೇ ಇದ್ದರು. ಮೊದಲ ಸರದಿ ಟೆವಿನ್‌ದು. ಇಪ್ಪತ್ತು ಚೆಂಡು ಕೊಟ್ಟೆ, ಇಪ್ಪತ್ತೂ ಹಿಡಿದ. ಎರಡು ಸಲ ಗೆರೆ ದಾಟಿಸಿ ಅಂಕ ತಂದ. ಆಮೇಲೆ ಗ್ರೇಡಿ ಬಂದು, ಹಳೇ ಸಲುಗೆಯಿಂದ ನನ್ನ ಬೆನ್ನಿಗೊಂದು ಗುದ್ದಿದ.

“ನಡಿಯೋ ಕಣಜ. ನಮ್ ಕಾಲ ಬಂತು.”

ಕೂಗಿದ. ಕೊಟ್ಟೆ. ಮೂರು ದಿನ ಎಡಕ್ಕೆ ಪಳಗಿದ ನನ್ನ ಕೈ ತಾನಾಗಿಯೇ ಎಡಚನ ಚೆಂಡು ಕೊಟ್ಟುಬಿಟ್ಟಿತು. ಅದು ಗ್ರೇಡಿಯ ಹೆಬ್ಬೆರಳಿಗೆ ಬಡಿದು ಜಾರಿ ಬಿತ್ತು. ಆರು ಜನ ಅದರ ಮೇಲೂ ನನ್ನ ಮೇಲೂ ಬಿದ್ದರು. ಕೋಚ್ ಜೇಬಿನಿಂದ ಕೆಂಪು ಪೆನ್ಸಿಲ್ ತೆಗೆದರು.

“ಕೋಚ್, ಗೀಟು ಹಾಕ್ಬೇಡಿ!” ನಾನು ರಾಶಿಯ ಅಡಿಯಿಂದಲೇ ಅರಚಿದೆ. “ತಪ್ಪು ನಂದು! ನಾನು ತಿರುಗ್ಸಿದ್ದೇ ತಪ್ಪು! ಅವನದಲ್ಲ!”

“ಸರಿ ಬಿಡು” ಅಂದರು ಕೋಚ್. ಪೆನ್ಸಿಲ್ ಜೇಬಿಗೆ ಹೋಯಿತು.

ಎದ್ದು ಮೈ ಕೊಡವಿಕೊಳ್ಳುವಾಗ ಟೆವಿನ್ ಕಂಡ. ಹೆಲ್ಮೆಟ್ ಕೈಯಲ್ಲಿ ಹಿಡಿದು ಗೆರೆಯಾಚೆ ನಿಂತು ನನ್ನನ್ನೇ ನೋಡುತ್ತಿದ್ದ. ಅವನಿಗೆ ಎಲ್ಲ ಅರ್ಥವಾಗಿತ್ತು. ಸಿಟ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಸುಮ್ಮನೆ ತಲೆ ತಗ್ಗಿಸಿದ. ಮೂರು ದಿನ ಅವನಿಗಾಗಿ ಹೊರಳದ ನಾಲಿಗೆ ಗ್ರೇಡಿಗಾಗಿ ಅರೆಗಳಿಗೆಯಲ್ಲಿ ಹೊರಳಿತ್ತು. ನನ್ನ ಮೇಲೆ ನನಗೇ ಅಸಹ್ಯವಾಯಿತು.

“ಕೋಚ್” ಅಂದೆ. “ಆ ಹುಡುಗನ ಹನ್ನೊಂದೂ ನಂದೇ. ಎಡಚನಿಗೆ ಬಲಗೈಯವನ ಚೆಂಡು ಕೊಡ್ತಿದ್ದೆ. ಬುಧವಾರವೇ ಗೊತ್ತಾಯ್ತು. ಬಾಯಿ ಮುಚ್ಕೊಂಡಿದ್ದೆ.”

ಕೋಚ್ ಹಾಳೆಯನ್ನು ನೋಡಿದರು, ನನ್ನನ್ನು ನೋಡಿದರು. ರಬ್ಬರ್ ತೆಗೆದು ಹಾಳೆ ಹರಿಯುವ ತನಕ ಉಜ್ಜಿದರು.

“ಬಾಯಿ ಮುಚ್ಕೊಂಡಿದ್ದಕ್ಕೆ ಹತ್ತು ಸುತ್ತು ಓಡು” ಅಂದರು. “ಮೂವತ್ತೊಂದು ವರ್ಷದ ಕೋಚು, ಇಷ್ಟು ಕಾಣ್ಲಿಲ್ವಲ್ಲ ಅಂತ ನಾನೂ ಹತ್ತು ಓಡ್ಬೇಕು. ನನ್ ಮಂಡಿ ಸರಿಯಿಲ್ಲ. ಅದನ್ನೂ ನೀನೇ ಓಡು.”

ಓಡಿದೆ. ಊರೆಲ್ಲ ಚಪ್ಪಾಳೆ ತಟ್ಟಿ ಸುತ್ತು ಎಣಿಸಿತು. ಹದಿನಾಲ್ಕನೆಯ ಸುತ್ತಿನಲ್ಲಿ ಗ್ರೇಡಿಯ ಅಜ್ಜಿ ನನ್ನ ಫೋಟೊ ತೆಗೆದರು.

ಭಾನುವಾರ ಚೀಟಿ ಬಿತ್ತು. ಕ್ವಾರ್ಟರ್‌ಬ್ಯಾಕ್ ಟೆವಿನ್ ಗಿಡ್ರಿ. ಗ್ರೇಡಿ ಅದನ್ನು ಎರಡು ಸಲ ಓದಿ, ನನ್ನ ಕಡೆ ತಿರುಗಿದ.

“ಮೂರು ವರ್ಷದ ಗೆಳೆಯ ಅಂತೀಯ. ನಿಜ ಹೇಳೋಕೆ ಸೋಮವಾರದ ತನಕ ಕಾಯೋಕಾಗ್ಲಿಲ್ವೇನೋ ನಿಂಗೆ?”

ಅವನು ಬೇರೆ ಮೇಜಿಗೆ ಹೋಗಿ ಊಟ ಮಾಡಿದ. ಆ ದಿನ ನಾನು ಎರಡನೇ ಸಲ ಬಡಿಸಿಕೊಳ್ಳಲಿಲ್ಲ. ಅಡುಗೆಮನೆಯಾಕೆ ಹೆದರಿ, ಜ್ವರವೇನಪ್ಪಾ ಎಂದು ಹಣೆ ಮುಟ್ಟಿ ನೋಡಿದಳು.

ಸೋಮವಾರದ ಅಭ್ಯಾಸದಲ್ಲಿ ನಾನು ಬಗ್ಗಿ ನಿಂತಿದ್ದಾಗ ಹಿಂದೆ ಎರಡು ಜೊತೆ ಬೂಟು ಬಂದು ನಿಂತವು. ಒಂದು ಟೆವಿನ್‌ದು, ಇನ್ನೊಂದು ಗ್ರೇಡಿಯದು.

“ಇವನ ಎಡ ಹಿಮ್ಮಡಿ ನೋಡ್ತಿರು ಮರಿ” ಗ್ರೇಡಿ ಹೇಳುತ್ತಿದ್ದ. “ಅಳುಕಿದ್ರೆ ಅದನ್ನ ಎತ್ತುತಾನೆ. ಎತ್ತಿದ ಅಂದ್ರೆ ಚೆಂಡು ನೀನು ಕೂಗೋಕೆ ಮುಂಚೆ ಬರತ್ತೆ. ಇವನಿಗೇ ಗೊತ್ತಿಲ್ಲ ಅದು. ಮೂರು ವರ್ಷ ಯಾರಿಗೂ ಹೇಳಿಲ್ಲ ನಾನು, ಒಂದು ಚೆಂಡೂ ಬೀಳಿಸಿಲ್ಲ.”

“ಯೆಸ್ ಸರ್” ಅಂದ ಟೆವಿನ್.

“ಸರ್ ಗಿರ್ ಬೇಡ. ಇನ್ನೂ ಇದಾವೆ ಇವನ ಚಾಳಿಗಳು. ಒಂದೊಂದೇ ಹೇಳ್ತೀನಿ, ನೆನಪಿಟ್ಕೋ.”

ತಲೆ ಕೆಳಗಾಗಿ ನಿಂತವನಿಗೆ ಕಣ್ಣೀರು ಕೆನ್ನೆಗೆ ಇಳಿಯುವುದಿಲ್ಲ, ಹಣೆಗೆ ಹರಿಯುತ್ತದೆ. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

“ನೋಡು ನೋಡು, ಎತ್ತಿದ!” ಅಂದ ಗ್ರೇಡಿ.

ಚೆಂಡು ಕೊಟ್ಟೆ. ಟೆವಿನ್ ಹಿಡಿದ.