ಏಣಿಯ ಕೆಳಗಿನ ಮೂಲೆ

ಬಿಳಿಗೆರೆಯ ಗುರುಶಾಂತಮ್ಮನವರ ಎರಡನೇ ಮಗ ದಯಾನಂದನಿಗೆ ಮೂವತ್ತೆಂಟು ವರ್ಷವಾದರೂ ಮಾತು ಬಂದಿರಲಿಲ್ಲ. ಬುದ್ಧಿ ನಾಲ್ಕು ವರ್ಷದ ಮಗುವಿನದು ಎಂದು ಯಾರೋ ಡಾಕ್ಟರು ಬರೆದುಕೊಟ್ಟಿದ್ದರು. ಬರೆದುಕೊಟ್ಟ ಪುಣ್ಯಾತ್ಮರು ಅವನು ಕೊಬ್ಬರಿ ಆರಿಸುವುದನ್ನು ನೋಡಿರಲಿಲ್ಲ, ಅಷ್ಟೇ. ಅಟ್ಟದಲ್ಲಿ ವರ್ಷವಿಡೀ ಒಣಗಿದ ಕಾಯಿಗಳನ್ನು ಅಣ್ಣ ಪರಮೇಶ ಕೆಳಗಿಳಿಸಿದರೆ, ದಯಾನಂದ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದ. ಒಳಗೆ ಕೊಬ್ಬರಿ ಬಿಟ್ಟುಕೊಂಡು ಗಡಗಡ ಅಂದರೆ ಬಲಕ್ಕೆ, ಇನ್ನೂ ಕಚ್ಚಿಕೊಂಡಿದ್ದರೆ ಎಡಕ್ಕೆ. ಒಳಗೇ ಕೊಳೆತದ್ದಾದರೆ ಎದ್ದು ಹೋಗಿ ಅಟ್ಟದ ಏಣಿಯ ಕೆಳಗಿನ ಮೂಲೆಗೆ ಹಾಕಿ ಬರುತ್ತಿದ್ದ. ಅವನು ಬಲಕ್ಕಿಟ್ಟ ಕಾಯಿಯನ್ನು ಒಡೆದು ನೋಡುವ ಗೋಜಿಗೆ ಯಾವ ವ್ಯಾಪಾರಿಯೂ ಹೋಗುತ್ತಿರಲಿಲ್ಲ.

ಆ ಮನೆಗೆ ತನುಶ್ರೀ ಬಂದದ್ದು ಕಲಿಯುವುದಕ್ಕೆ. ಅರಳಗುಪ್ಪೆಯ ಹುಡುಗಿ, ತಿಪಟೂರಿನಲ್ಲಿ ನರ್ಸಿಂಗ್ ಕೊನೆಯ ವರ್ಷ. ಬುದ್ಧಿ ಬೆಳೆಯದವರ ಆರೈಕೆಯ ನರ್ಸೇ ಆಗುತ್ತೇನೆ ಎಂದು ಹಟ ಹಿಡಿದಾಗ, "ಇದಕ್ಕೇನೇ ನಿನ್ನ ಓದ್ಸಿದ್ದು?" ಎಂದು ತಾಯಿ ಸಿದ್ದಮ್ಮ ವಾರಗಟ್ಟಲೆ ಮಾತು ಬಿಟ್ಟಿದ್ದಳು. ಹುಡುಗಿ ಜಗ್ಗಲಿಲ್ಲ. ಅವಳ ಸೋದರಮಾವ ಗಿಡ್ಡಯ್ಯನೂ ದಯಾನಂದನಂಥವನೇ. ಅವನ ಊಟದ ತಟ್ಟೆಯನ್ನು ಮನೆಯವರು ದೂರದಿಂದ ಕಾಲಲ್ಲಿ ತಳ್ಳುತ್ತಿದ್ದುದನ್ನು ಅವಳು ಚಿಕ್ಕಂದಿನಲ್ಲಿ ಕಂಡಿದ್ದಳು, ಮರೆತಿರಲಿಲ್ಲ.

ಒಂದು ತಿಂಗಳು ದಿನಾ ಬೆಳಿಗ್ಗೆ ಈ ಮನೆಗೆ ಬಂದು ದಯಾನಂದನನ್ನು ನೋಡಿಕೊಂಡು ಫಾರಂ ತುಂಬಬೇಕು. ವಾರಕ್ಕೊಮ್ಮೆ ಕಾಲೇಜಿನ ಸಿಸ್ಟರ್ ಮೀನಾಕ್ಷಮ್ಮ ಬಂದು ತಿದ್ದುತ್ತಾರೆ. ಫಾರಂನಲ್ಲಿ ಒಂದು ಸಾಲಿತ್ತು: ನೋವಾದರೆ ಹೇಗೆ ತಿಳಿಸುತ್ತಾರೆ?

ತನುಶ್ರೀ ದಯಾನಂದನ ತಾಯಿಯನ್ನು ಕೇಳಿದಳು.

"ಅವನೆಲ್ಲಿ ಹೇಳ್ತಾನೆ ಕಣಮ್ಮ, ಬಾಯಿಲ್ದಿರೋ ಕೂಸು," ಅಂದರು ಗುರುಶಾಂತಮ್ಮ.

'ತಿಳಿಸಲು ಬರುವುದಿಲ್ಲ' ಎಂದು ತನುಶ್ರೀ ಬರೆದಳು. ಮೀನಾಕ್ಷಮ್ಮ ಅದರ ಕೆಳಗೆ ಗೆರೆ ಎಳೆದರು. "ತಿಳಿಸೋಕೆ ಬರದೇ ಇರೋರು ಯಾರೂ ಇಲ್ಲ ಕಣೇ. ಇನ್ನೊಂದಷ್ಟು ದಿನ ನೋಡಿ ಬರಿ." ಬರೆದರಾಯಿತು ಎಂದುಕೊಂಡಳು ತನುಶ್ರೀ. ಆ ಸಾಲು ಹಾಗೇ ಉಳಿಯಿತು.

ಮೂರನೇ ವಾರದ ಸೋಮವಾರ ಅವಳು ಹೋದಾಗ ದಯಾನಂದ ತನ್ನ ಜಾಗದಲ್ಲಿರಲಿಲ್ಲ. ಏಣಿಯ ಕೆಳಗಿನ ಮೂಲೆಯಲ್ಲಿ, ಕೊಳೆತ ಕಾಯಿಗಳ ನಡುವೆ, ಮಂಡಿಯನ್ನು ಎದೆಗೆ ಒತ್ತಿಕೊಂಡು ಕೂತಿದ್ದ. ಎಬ್ಬಿಸಲು ಹೋದ ಪರಮೇಶನಿಗೆ ಹೊಡೆದಿದ್ದನಂತೆ. ಮುದ್ದೆ ಮುಟ್ಟಿರಲಿಲ್ಲ.

"ನಿನ್ನೆ ಪರಮೇಶ ಬೈದ. ಮುನಿಸ್ಕಂಡವ್ನೆ, ಬುಡು," ಅಂದರು ಗುರುಶಾಂತಮ್ಮ.

ತನುಶ್ರೀ ಪಕ್ಕದಲ್ಲಿ ಕುಳಿತು ಹಣೆ ಮುಟ್ಟಿದಳು. ಸ್ವಲ್ಪ ಬಿಸಿಯಿತ್ತು, ಸೆಕೆಗೆ ಇರಬೇಕು ಎನಿಸಿತು. ದಯಾನಂದ ಒಂದು ಕೆಟ್ಟ ಕಾಯಿ ಎತ್ತಿ ಅವಳ ಕೈಗಿಟ್ಟ. ಆಟಕ್ಕೆ ಕರೆಯುತ್ತಿದ್ದಾನೆ ಎಂದುಕೊಂಡು ಅವಳು ನಗುತ್ತಾ ಅದನ್ನು ಬಲಗಡೆಯ ಒಳ್ಳೆಯ ರಾಶಿಗೆ ಇಟ್ಟಳು. ಅವನು ನರಳುತ್ತಾ ತೆವಳಿಕೊಂಡು ಹೋಗಿ ಅದೇ ಕಾಯಿಯನ್ನು ತಂದು ಹೊಟ್ಟೆಗೆ ಅವುಚಿಕೊಂಡು ಮತ್ತೆ ಮೂಲೆ ಸೇರಿದ. ತನುಶ್ರೀ ಕೈಗೆ ಹತ್ತಿದ ಕೊಳೆತ ವಾಸನೆ ತೊಳೆದುಕೊಂಡು, 'ಹಟ, ಊಟ ಬೇಡವೆನ್ನುತ್ತಾರೆ, ವರ್ತನೆಯ ತೊಂದರೆ' ಎಂದು ಬರೆದಳು.

ಮಂಗಳವಾರವೂ ಅಲ್ಲೇ. ಹಟ ಮಾಡುವವರ ಕಡೆ ಗಮನ ಕೊಟ್ಟಷ್ಟೂ ಹಟ ಹೆಚ್ಚುತ್ತದೆ ಎಂದು ಕ್ಲಾಸಿನಲ್ಲಿ ಹೇಳಿಕೊಟ್ಟಿದ್ದರು. "ಅವರ ಪಾಡಿಗೆ ಬಿಟ್ಬಿಡಿ ಅಜ್ಜಿ, ತಾನಾಗೇ ಇಳಿಯುತ್ತೆ," ಎಂದು ತನುಶ್ರೀ ಹೇಳಿ ಹೋದಳು. ಓದಿದ ಹುಡುಗಿ ಹೇಳಿದ ಮೇಲೆ ಮುಗಿಯಿತಲ್ಲ, ಮನೆಯವರು ಬಿಟ್ಟರು.

ಬುಧವಾರ ಬಂದ ಮೀನಾಕ್ಷಮ್ಮ ಚೀಲವನ್ನೂ ಕೆಳಗಿಡದೆ ಮೂಲೆಗೆ ಹೋಗಿ ಅವನ ಹೊಟ್ಟೆ ಮುಟ್ಟಿದರು. ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ತಿಪಟೂರಿನ ಆಸ್ಪತ್ರೆಯಲ್ಲಿ ಆಗುವುದಿಲ್ಲವೆಂದು ತುಮಕೂರಿಗೆ ಹೊರಡಿಸಿದರು. ಗುಬ್ಬಿ ದಾಟುವಾಗ ಆಂಬುಲೆನ್ಸಿನಲ್ಲೇ ಉಸಿರು ನಿಂತಿತು. ತುಮಕೂರಿನಲ್ಲಿ ಕೊಯ್ದು ನೋಡಿದಾಗ, ಕರುಳಿನ ತುದಿಯ ಅಪೆಂಡಿಕ್ಸ್ ಒಡೆದು ಕೀವು ಹೊಟ್ಟೆಯೆಲ್ಲಾ ಹರಡಿತ್ತು. "ಮೂರು ದಿನದಿಂದ ನೋವಿರುತ್ತೆ, ಹೇಳ್ಲಿಲ್ವಾ?" ಎಂದು ಅಲ್ಲಿನ ಡಾಕ್ಟರು ಕೇಳಿದರು.

"ಹೇಳಕ್ ಬರಲ್ಲ ಸ್ವಾಮಿ," ಅಂದರು ಗುರುಶಾಂತಮ್ಮ. ತನುಶ್ರೀ ತಲೆಯೆತ್ತಲಿಲ್ಲ.

ದಯಾನಂದನ ಉತ್ತರಕ್ರಿಯೆ, ಶಿವಗಣಾರಾಧನೆ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ಆ ಫಾರಂ ಹಿಡಿದು ಬಿಳಿಗೆರೆಗೆ ಹೋದಳು. ಕಾಲೇಜಿಗೆ ಒಪ್ಪಿಸುವ ಮುಂಚೆ ಮನೆಯವರ ಸಹಿ ಬೇಕಿತ್ತು. ಪಡಸಾಲೆಯಲ್ಲಿ ಗುರುಶಾಂತಮ್ಮನವರ ಎದುರು ಪರಮೇಶ ತಾನೇ ಕಾಯಿ ಅಲ್ಲಾಡಿಸುತ್ತಾ ಕುಳಿತಿದ್ದ. ಅವನಿಗೆ ಆ ಕಿವಿ ಇರಲಿಲ್ಲ. ಒಂದೊಂದನ್ನೂ ನಾಲ್ಕು ಸಲ ಅಲ್ಲಾಡಿಸುತ್ತಿದ್ದ. ಒಂದು ಕೊಳೆತ ಕಾಯಿ ಸಿಕ್ಕಿತು. ಎದ್ದು ಹೋಗಿ ಏಣಿಯ ಕೆಳಗೆ ಹಾಕಲು ಬಗ್ಗಿದವನು ಬಗ್ಗಿದಂತೆಯೇ ನಿಂತುಬಿಟ್ಟ.

ಮೂವರೂ ಆ ಮೂಲೆಯನ್ನೇ ನೋಡಿದರು.

"ಒಂದು ದಿನಕ್ಕಾದ್ರೂ ಒಳ್ಳೆ ಕಾಯೀನ ಅಲ್ಲಿಗೆ ಹಾಕಿದೋನಲ್ಲ ನನ್ನ ಮಗ," ಅಂದರು ಗುರುಶಾಂತಮ್ಮ, ಬಹಳ ನಿಧಾನವಾಗಿ. "ಒಳಗೆ ಕೆಟ್ಟೋಗೈತೆ ಅಂತ ತಾನೇ ಹೋಗಿ ಕೂತಿದ್ನಲ್ಲಮ್ಮ."

ತನುಶ್ರೀಯೂ ಕೊಬ್ಬರಿ ಮನೆಯಲ್ಲೇ ಬೆಳೆದವಳು. ಆ ಮೂಲೆ ಯಾವುದಕ್ಕೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವಳು ಅಲ್ಲೇ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಫಾರಂ ತೆಗೆದು ನೋವಿನ ಸಾಲಿನ ಹಳೆಯ ಉತ್ತರವನ್ನು ಹೊಡೆದುಹಾಕಿ ಬೇರೆ ಬರೆದಳು.

"ಏನ್ ಬರ್ದೆ ತಾಯಿ?" ಓದಲು ಬಾರದ ಗುರುಶಾಂತಮ್ಮ ಕೇಳಿದರು.

ಅವಳು ಓದಿದಳು. "ಮೂರು ದಿನ ತಿಳಿಸಿದರು. ತನುಶ್ರೀಗೆ ತಿಳಿಯಲಿಲ್ಲ."

ಮುದುಕಿ ಕಾಗದದ ಮೇಲೆ ಬೆರಳಿಟ್ಟರು.

"ನನ್ನ ಹೆಸ್ರೂ ಬರ್ಕೋ ಅಲ್ಲಿ. ಹೆತ್ತೋಳು ನಾನು."

ತನುಶ್ರೀ ಬರೆದಳು. ಏಣಿಯ ಹತ್ತಿರದಿಂದ, ಕಾಯಿ ಇನ್ನೂ ಕೈಯಲ್ಲಿ ಹಿಡಿದಿದ್ದ ಪರಮೇಶ, ಯಾರೂ ಕೇಳದೆಯೇ ತನ್ನ ಹೆಸರು ಹೇಳಿದ.